‘ಸಂಬಳದ ಭಾಗವಲ್ಲ’ ಎಂದು ಬರೆದಿದ್ದರೂ ಈಸಾಪ್‌ಗೆ ಸಂಬಳದ ತೆರಿಗೆ ಏಕೆ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸ್ಟಾರ್ಟಪ್‌ನಲ್ಲಿ ಎಂಜಿನಿಯರ್. ಆಫರ್ ಲೆಟರ್ ಪ್ರಕಾರ ನನ್ನ ಸಿಟಿಸಿ (ಕಂಪನಿ ನನಗಾಗಿ ಮಾಡುವ ಒಟ್ಟು ಖರ್ಚು) 38 ಲಕ್ಷ. ಅದರಲ್ಲಿ 30 ಲಕ್ಷ ನಗದು, 8 ಲಕ್ಷ ಈಸಾಪ್, ಅಂದರೆ ಕಂಪನಿಯ ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕು (ಆಪ್ಷನ್). ಆದರೆ ಆ ಆಪ್ಷನ್‌ಗಳನ್ನು ಕೊಟ್ಟ ಗ್ರಾಂಟ್ ಲೆಟರ್‌ನಲ್ಲಿ ‘ಈ ಆಪ್ಷನ್‌ಗಳು ಉದ್ಯೋಗಿಯ ಸಂಬಳದ ಭಾಗವಲ್ಲ’ ಎಂದು ಬರೆದಿದ್ದಾರೆ. ಈಗ 2,000 ಆಪ್ಷನ್ ವೆಸ್ಟ್ ಆಗಿವೆ, ಅಂದರೆ ಅವನ್ನು ಬಳಸುವ ಹಕ್ಕು ನನಗೆ ಬಂದಿದೆ. ಎಕ್ಸರ್‌ಸೈಸ್ ಮಾಡಬೇಕಾದರೆ, ಅಂದರೆ ದುಡ್ಡು ಕೊಟ್ಟು ಆ ಷೇರು ಪಡೆಯಬೇಕಾದರೆ, ಮೂರು ಮುಕ್ಕಾಲು ಲಕ್ಷದಷ್ಟು ಟಿಡಿಎಸ್ ಕಟ್ಟಿ ಎನ್ನುತ್ತಿದ್ದಾರೆ ಎಚ್‌ಆರ್‌ನವರು. ಸಂಬಳವೇ ಅಲ್ಲದ್ದಕ್ಕೆ ಸಂಬಳದ ತೆರಿಗೆ ಹೇಗೆ? ನಮ್ಮಲ್ಲೇ ಕನ್ಸಲ್ಟಂಟ್ ಆಗಿರುವ ಗೆಳತಿ ‘ನನ್ನದೆಲ್ಲ ಕ್ಯಾಪಿಟಲ್ ಗೇನ್ಸ್ (ಆಸ್ತಿ ಮಾರಿದ ಲಾಭ), ನೀನೂ ಕನ್ಸಲ್ಟಂಟ್ ಆಗಿಬಿಡು’ ಎನ್ನುತ್ತಾಳೆ. ಅದು ನಿಜವೇ?

ಉತ್ತರ: ಎಚ್‌ಆರ್ ಹೇಳಿದ್ದು ಸರಿ. ಆದರೆ ನಿಮ್ಮ ಗೊಂದಲವೂ ನ್ಯಾಯವಾದದ್ದೇ. ಒಂದೇ ಕಂಪನಿ ಒಂದು ಕಾಗದದಲ್ಲಿ ಈಸಾಪನ್ನು ಸಿಟಿಸಿಗೆ ಸೇರಿಸಿ, ಇನ್ನೊಂದು ಕಾಗದದಲ್ಲಿ ಸಂಬಳ ಅಲ್ಲ ಎಂದರೆ ಯಾರಿಗಾದರೂ ತಲೆ ಕೆಡುತ್ತದೆ.

ಮೊದಲು ಆ ಸಾಲನ್ನೇ ನೋಡೋಣ. ‘ಸಂಬಳದ ಭಾಗವಲ್ಲ’ ಎಂಬ ಮಾತು ಹೆಚ್ಚುಕಮ್ಮಿ ಎಲ್ಲ ಗ್ರಾಂಟ್ ಲೆಟರ್‌ಗಳಲ್ಲೂ ಇರುತ್ತದೆ. ಅದನ್ನು ಬರೆಯುವುದು ತೆರಿಗೆಗಾಗಿ ಅಲ್ಲ. ನಾಳೆ ನೀವು ಕೆಲಸ ಬಿಟ್ಟಾಗ ಗ್ರಾಚ್ಯುಟಿ, ನೋಟಿಸ್ ಪೇ, ರಜೆಯ ದುಡ್ಡು ಇವನ್ನೆಲ್ಲ ಲೆಕ್ಕ ಹಾಕುವಾಗ ‘ನನ್ನ ಈಸಾಪ್ ಬೆಲೆಯನ್ನೂ ಸೇರಿಸಿ’ ಎಂದು ನೀವು ಕೇಳಬಾರದು, ಅಷ್ಟೇ ಅದರ ಉದ್ದೇಶ. ಅದು ನಿಮ್ಮ ಮತ್ತು ಕಂಪನಿಯ ನಡುವಿನ ಮಾತು. ಆದಾಯ ತೆರಿಗೆ ಇಲಾಖೆ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಯಾವ ಆದಾಯ ಯಾವ ತಲೆಬರಹದಡಿ ಬರುತ್ತದೆ ಎಂಬುದನ್ನು ಕಾಯ್ದೆ ಹೇಳುತ್ತದೆ, ಒಪ್ಪಂದ ಹೇಳುವುದಿಲ್ಲ. ‘ಇದರಿಂದ ಬರುವ ಲಾಭ ಕ್ಯಾಪಿಟಲ್ ಗೇನ್ಸ್ ಎಂದು ಪರಿಗಣಿಸತಕ್ಕದ್ದು’ ಎಂದು ಬರೆದಿರುವ ಒಪ್ಪಂದಗಳೂ ಇರುತ್ತವೆ. ಆ ಸಾಲಿಗೂ ಇಲಾಖೆಯ ಮುಂದೆ ಬೆಲೆ ಇಲ್ಲ.

ಹಾಗಾದರೆ ಕಾಯ್ದೆ ಏನು ಹೇಳುತ್ತದೆ? 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 17(2)ರ ಆರನೇ ಉಪಕಲಂ ನೋಡಿ. ಈಗಿನ ಅಥವಾ ಹಿಂದಿನ ಮಾಲೀಕರು, ನೇರವಾಗಿಯೋ ಬೇರೆಯವರ ಮೂಲಕವೋ, ಪುಕ್ಕಟೆಯಾಗಿ ಇಲ್ಲವೇ ಕಡಿಮೆ ದರದಲ್ಲಿ ಕೊಟ್ಟ ಷೇರು ‘ಪರ್ಕ್ವಿಸಿಟ್’, ಅಂದರೆ ಸಂಬಳದ ಜೊತೆಗಿನ ಸೌಲಭ್ಯ. ಆದ್ದರಿಂದ ಅದು ಸಂಬಳದ ಲೆಕ್ಕಕ್ಕೇ ಬರುತ್ತದೆ. ‘ಹಿಂದಿನ’ ಎಂಬ ಮಾತನ್ನು ಗಮನಿಸಿ. ಕೆಲಸ ಬಿಟ್ಟ ಮೇಲೆ ಎಕ್ಸರ್‌ಸೈಸ್ ಮಾಡಿದರೆ ಸಂಬಳದ ತೆರಿಗೆ ತಪ್ಪುತ್ತದೆ ಎಂದು ಕೆಲವರು ನಂಬಿದ್ದಾರೆ. ಖಂಡಿತ ತಪ್ಪುವುದಿಲ್ಲ. ಇನ್ನು, 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬರುವಂತೆ ಮಾಡಿದ್ದಾರೆ. ಅದರಲ್ಲಿ ಕಲಂಗಳ ಸಂಖ್ಯೆ, ಜೋಡಣೆ ಬದಲಾಗಿದೆ. ಈಸಾಪ್‌ಗೆ ತೆರಿಗೆ ಹಾಕುವ ಮೂಲ ರೀತಿ ಮಾತ್ರ ಹಾಗೇ ಇದೆ. ಎಲ್ಲರಿಗೂ ರೂಢಿಯಾಗಿರುವುದರಿಂದ ಇಲ್ಲಿ ಹಳೆಯ ಸಂಖ್ಯೆಗಳನ್ನೇ ಬಳಸುತ್ತೇನೆ.

ಇದರ ಇನ್ನೊಂದು ಮಗ್ಗುಲು ನಮ್ಮ ಹೈಕೋರ್ಟಿನಲ್ಲೇ ತೀರ್ಮಾನವಾಗಿದೆ. ಬಯೋಕಾನ್ ಕಂಪನಿ ತನ್ನ ಉದ್ಯೋಗಿಗಳಿಗೆ ಈಸಾಪ್ ಮೂಲಕ ಬಿಟ್ಟುಕೊಟ್ಟ ರಿಯಾಯಿತಿಯನ್ನು ಖರ್ಚು ಎಂದು ತೋರಿಸಿತ್ತು. ಇಲಾಖೆ ಒಪ್ಪಲಿಲ್ಲ. 2020ರಲ್ಲಿ ಕರ್ನಾಟಕ ಹೈಕೋರ್ಟ್ ಕಂಪನಿಯ ವಾದವನ್ನು ಎತ್ತಿಹಿಡಿಯಿತು. ಉದ್ಯೋಗಿಗಳ ಸೇವೆಗೆ ಪ್ರತಿಯಾಗಿ ಕೊಟ್ಟದ್ದು, ಹಾಗಾಗಿ ಅದು ವ್ಯವಹಾರದ ಖರ್ಚೇ ಎಂದಿತು. ಅಂದರೆ ನಿಮ್ಮ ಕಂಪನಿ ಗ್ರಾಂಟ್ ಲೆಟರ್‌ನಲ್ಲಿ ಏನೇ ಬರೆದಿರಲಿ, ತನ್ನ ಲೆಕ್ಕಪುಸ್ತಕದಲ್ಲಿ ಈಸಾಪನ್ನು ಸಿಬ್ಬಂದಿಯ ಖರ್ಚು ಎಂದೇ ಬರೆದುಕೊಳ್ಳುತ್ತದೆ. ಕೊಡುವವರ ಕಡೆ ಅದು ಸಿಬ್ಬಂದಿ ಖರ್ಚು ಎಂದಾದ ಮೇಲೆ ಪಡೆಯುವವರ ಕಡೆ ಸಂಬಳವಾಗುವುದು ಸಹಜ ಅಲ್ವಾ?

ಈಗ ನಿಮ್ಮ ಲೆಕ್ಕ. ನೀವು ದರ ಬರೆದಿಲ್ಲ. ಆದರೆ ಎಚ್‌ಆರ್ ಹೇಳಿದ ಮೊತ್ತ ನೋಡಿದರೆ ಎಕ್ಸರ್‌ಸೈಸ್ ಬೆಲೆಗೂ ಷೇರಿನ ಮೌಲ್ಯಕ್ಕೂ 600 ರೂಪಾಯಿ ಆಸುಪಾಸು ವ್ಯತ್ಯಾಸ ಇರಬೇಕು. ಎಕ್ಸರ್‌ಸೈಸ್ ಬೆಲೆ 10 ರೂಪಾಯಿ, ಅಂದಿನ ಮೌಲ್ಯ 610 ರೂಪಾಯಿ ಎಂದೇ ಇಟ್ಟುಕೊಳ್ಳೋಣ. 2,000 ಷೇರಿಗೆ 12 ಲಕ್ಷ ಪರ್ಕ್ವಿಸಿಟ್. ನಿಮ್ಮ ನಗದು ಸಂಬಳವೇ 30 ಲಕ್ಷ ಇರುವುದರಿಂದ ಈ 12 ಲಕ್ಷ ಪೂರ್ತಿ ಶೇ 30ರ ಸ್ಲ್ಯಾಬಿಗೆ ಬೀಳುತ್ತದೆ. ಅದರ ಮೇಲೆ ಶೇ 4 ಸೆಸ್. ಒಟ್ಟು ತೆರಿಗೆ 3,74,400 ರೂಪಾಯಿ. ಷೇರಿಗೆ ಕೊಡಬೇಕಾದ 20,000 ಬೇರೆ. ಹತ್ತಿರಹತ್ತಿರ ನಾಲ್ಕು ಲಕ್ಷ ನಿಮ್ಮ ಜೇಬಿನಿಂದ ಹೋಗುತ್ತದೆ. ಬರುವುದು ಡಿಮ್ಯಾಟ್ ಖಾತೆಯಲ್ಲಿ ಎರಡು ಸಾವಿರ ಷೇರು, ಅದೂ ಸದ್ಯಕ್ಕೆ ಯಾರಿಗೂ ಮಾರಲಾಗದ ಷೇರು. ನಿಮ್ಮ ಕೈಗೆ ಬರುವ ತಿಂಗಳ ಸಂಬಳ ಎರಡು ಲಕ್ಷದ ಆಸುಪಾಸು. ಒಂದು ತಿಂಗಳ ಸಂಬಳದಲ್ಲಿ ಹಿಡಿದುಕೊಂಡರೂ ಸಾಲದು. ಅದಕ್ಕೇ ಕಂಪನಿ ಮುಂಚೆಯೇ ದುಡ್ಡು ಕೇಳುತ್ತಿದೆ.

ನನ್ನ ಪ್ರಕಾರ ಈಸಾಪ್ ತೆರಿಗೆಯ ನಿಜವಾದ ಸಂಕಟ ಇರುವುದು ಇಲ್ಲೇ. ಅದನ್ನು ಸಂಬಳ ಎನ್ನುವುದರಲ್ಲಿ ತಪ್ಪಿಲ್ಲ. ದುಡ್ಡು ಕೈಗೆ ಬರುವ ಮುಂಚೆಯೇ ಅದಕ್ಕೆ ತೆರಿಗೆ ಕಟ್ಟಿಸಿಕೊಳ್ಳುವುದು ಅನ್ಯಾಯ. ನಾಳೆ ಕಂಪನಿ ಮುಚ್ಚಿ ಷೇರಿನ ಬೆಲೆ ಸೊನ್ನೆಯಾದರೂ ಈ 3,74,400 ವಾಪಸ್ ಬರುವುದಿಲ್ಲ. ಷೇರು ಮಾರಿ ನಷ್ಟವಾದರೆ ಅದು ಕ್ಯಾಪಿಟಲ್ ಲಾಸ್. ಅದನ್ನು ಬೇರೆ ಕ್ಯಾಪಿಟಲ್ ಗೇನ್ಸ್ ಜೊತೆ ಹೊಂದಿಸಿಕೊಳ್ಳಬಹುದು, ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಸಂಬಳದ ಜೊತೆ ಹೊಂದಿಸಲು ಬರುವುದಿಲ್ಲ. ಬರೀ ಸಂಬಳದ ಮೇಲೆ ಬದುಕುವವರಿಗೆ ಅಂಥ ನಷ್ಟ ಕಾಗದದ ಮೇಲಷ್ಟೇ ಉಳಿಯುತ್ತದೆ.

ತೆರಿಗೆ ಯಾವಾಗ ಎಂಬುದರಲ್ಲಿ ಎರಡು ತಾರೀಖುಗಳಿವೆ. ಗ್ರಾಂಟ್ ಆದಾಗ ತೆರಿಗೆ ಇಲ್ಲ. ವೆಸ್ಟ್ ಆದಾಗಲೂ ಇಲ್ಲ. ಮೌಲ್ಯವನ್ನು ನೋಡುವುದು ಎಕ್ಸರ್‌ಸೈಸ್ ಮಾಡಿದ ದಿನದ್ದು. ಆದರೆ ಸಂಬಳಕ್ಕೆ ಸೇರುವುದು ಷೇರು ನಿಮ್ಮ ಹೆಸರಿಗೆ ಅಲಾಟ್ ಆದ ವರ್ಷದಲ್ಲಿ. ಮಾರ್ಚ್ 28ಕ್ಕೆ ಎಕ್ಸರ್‌ಸೈಸ್ ಮಾಡಿ, ಏಪ್ರಿಲ್ 5ಕ್ಕೆ ಅಲಾಟ್ ಆದರೆ ಮಾರ್ಚಿನ ಬೆಲೆ, ಮುಂದಿನ ವರ್ಷದ ಆದಾಯ. ವರ್ಷದ ಕೊನೆಯಲ್ಲಿ ಎಕ್ಸರ್‌ಸೈಸ್ ಮಾಡುವವರು ಬೋರ್ಡ್ ಮೀಟಿಂಗ್ ಯಾವಾಗ, ಅಲಾಟ್‌ಮೆಂಟ್ ಯಾವಾಗ ಎಂದು ಕೇಳಿಕೊಂಡೇ ಮುಂದುವರಿಯಬೇಕು.

610 ರೂಪಾಯಿ ಎಂದು ಯಾರು ಹೇಳಿದರು ಎಂಬುದೂ ಮುಖ್ಯ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಆ ದಿನದ ಆರಂಭದ ಬೆಲೆ ಮತ್ತು ಮುಕ್ತಾಯದ ಬೆಲೆಯ ಸರಾಸರಿ. ನಿಮ್ಮದರಂಥ ಲಿಸ್ಟ್ ಆಗದ ಕಂಪನಿಗೆ ಮರ್ಚಂಟ್ ಬ್ಯಾಂಕರ್ ಕೊಟ್ಟ ಮೌಲ್ಯಮಾಪನವೇ ಬೇಕು. ಅದು ಎಕ್ಸರ್‌ಸೈಸ್ ದಿನದ್ದಾಗಿರಬೇಕು, ಇಲ್ಲವೇ ಅದಕ್ಕಿಂತ 180 ದಿನದೊಳಗಿನದ್ದಾಗಿರಬೇಕು. ಇಲ್ಲೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಆಫರ್ ಲೆಟರ್‌ನ ‘8 ಲಕ್ಷ’ ಎಷ್ಟೋ ಸಲ ಕೊನೆಯ ಫಂಡಿಂಗ್ ಸುತ್ತಿನಲ್ಲಿ ಹೂಡಿಕೆದಾರರು ಕೊಟ್ಟ ಬೆಲೆಯಿಂದ ಬಂದಿರುತ್ತದೆ. ಹೂಡಿಕೆದಾರರ ಕೈಯಲ್ಲಿರುವುದು ಸಾಮಾನ್ಯವಾಗಿ ಪ್ರಿಫರೆನ್ಸ್ ಷೇರು. ಕಂಪನಿ ಮಾರಾಟವಾದರೆ ಅವರ ದುಡ್ಡು ಮೊದಲು. ನಿಮಗೆ ಸಿಗುವುದು ಈಕ್ವಿಟಿ ಷೇರು. ಎರಡಕ್ಕೂ ಒಂದೇ ಬೆಲೆ ಹಚ್ಚಿ, ಎಕ್ಸರ್‌ಸೈಸ್ ಬೆಲೆಯನ್ನೂ ಕಳೆಯದೆ, ನಾಲ್ಕು ವರ್ಷದ್ದನ್ನು ಒಟ್ಟುಗೂಡಿಸಿ ಸಿಟಿಸಿಯಲ್ಲಿ ತೋರಿಸುವವರಿದ್ದಾರೆ. ಹಾಗಾಗಿ ಆ 8 ಲಕ್ಷ ಒಂದು ವರ್ಷದ್ದೋ ನಾಲ್ಕು ವರ್ಷದ್ದೋ, ಯಾವ ಬೆಲೆಗೆ ಎಷ್ಟು ಆಪ್ಷನ್ ಎಂದು ಬರಹದಲ್ಲಿ ಕೇಳಿ. ಒಪ್ಪಂದದಲ್ಲಿ ಆಪ್ಷನ್‌ಗಳ ಸಂಖ್ಯೆ ಇರಬೇಕು. ಬರೀ ರೂಪಾಯಿ ಮೊತ್ತ ಇದ್ದರೆ ಆ ಮಾತಿಗೆ ಗಟ್ಟಿತನ ಇಲ್ಲ.

ಸ್ಟಾರ್ಟಪ್ ಉದ್ಯೋಗಿಗಳಿಗೆ ತೆರಿಗೆ ಮುಂದೂಡುವ ಅವಕಾಶ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. 2020ರ ಬಜೆಟ್‌ನಲ್ಲಿ ತಂದರು. ಆದರೆ ಅದು ಎಲ್ಲ ಸ್ಟಾರ್ಟಪ್‌ಗಳಿಗೂ ಅಲ್ಲ. ಕೇಂದ್ರದ ಉದ್ಯಮ ಇಲಾಖೆಯಾದ ಡಿಪಿಐಐಟಿಯ ಮಾನ್ಯತೆ ಇದ್ದರೆ ಸಾಲದು, ಸ್ಟಾರ್ಟಪ್‌ಗಳ ಲಾಭಕ್ಕೆ ತೆರಿಗೆ ರಿಯಾಯಿತಿ ಕೊಡುವ ಸೆಕ್ಷನ್ 80-ಐಎಸಿ ಅಡಿ ಪ್ರಮಾಣಪತ್ರವೂ ಬೇಕು. ಮಾನ್ಯತೆ ಪಡೆದ ಸ್ಟಾರ್ಟಪ್‌ಗಳು ಲಕ್ಷಕ್ಕೂ ಜಾಸ್ತಿ ಇವೆ, ಈ ಪ್ರಮಾಣಪತ್ರ ಇರುವವು ಕೆಲವೇ ಸಾವಿರ. ನಿಮ್ಮ ಕಂಪನಿಗೆ ಅದಿದ್ದರೆ, ಷೇರು ಬಂದ ಹಣಕಾಸು ವರ್ಷದ ಅಸೆಸ್‌ಮೆಂಟ್ ವರ್ಷ (ಅಂದರೆ ಅದರ ಮುಂದಿನ ವರ್ಷ) ಮುಗಿದು 48 ತಿಂಗಳು ಆಗುವುದು, ಷೇರು ಮಾರುವುದು, ಕೆಲಸ ಬಿಡುವುದು, ಈ ಮೂರರಲ್ಲಿ ಯಾವುದು ಮೊದಲೋ ಆಗ 14 ದಿನದೊಳಗೆ ತೆರಿಗೆ ಕಟ್ಟಬೇಕು. ದರ ಮಾತ್ರ ಷೇರು ಬಂದ ವರ್ಷದ್ದೇ. ಈ ಮೂರರಲ್ಲಿ ‘ಕೆಲಸ ಬಿಡುವುದು’ ಜನರನ್ನು ಸಿಕ್ಕಿಸಿಹಾಕುತ್ತದೆ. ಮುಂದೂಡಿದ ತೆರಿಗೆ ತಲೆಯ ಮೇಲೆ ಇಟ್ಟುಕೊಂಡು ರಾಜೀನಾಮೆ ಕೊಡುವ ಧೈರ್ಯ ಎಷ್ಟು ಜನಕ್ಕೆ ಇರುತ್ತದೆ? ಸರ್ಕಾರ ಎರಡು ಬದಲಾವಣೆ ಮಾಡಬೇಕು ಎಂದು ನನ್ನ ಬಲವಾದ ಅನಿಸಿಕೆ. ಕೆಲಸ ಬಿಡುವ ಷರತ್ತನ್ನು ತೆಗೆಯಬೇಕು, ಮತ್ತು ಲಿಸ್ಟ್ ಆಗದ ಎಲ್ಲ ಕಂಪನಿಗಳ ಉದ್ಯೋಗಿಗಳಿಗೂ ಮಾರಿದಾಗಷ್ಟೇ ತೆರಿಗೆ ಬರುವಂತೆ ಮಾಡಬೇಕು.

ಮಾರಿದಾಗ ಏನಾಗುತ್ತದೆ ಎಂಬುದು ಸುಲಭ. ತೆರಿಗೆಗೆ ಲೆಕ್ಕ ಹಿಡಿದ 610 ರೂಪಾಯಿಯೇ ನಿಮ್ಮ ಕೊಂಡ ಬೆಲೆ, 10 ರೂಪಾಯಿ ಅಲ್ಲ. ಒಂದೇ ಲಾಭಕ್ಕೆ ಎರಡು ಸಲ ತೆರಿಗೆ ಬೀಳದಿರಲಿ ಎಂದೇ ಸೆಕ್ಷನ್ 49(2ಎಎ) ಇದೆ. 900ಕ್ಕೆ ಮಾರಿದರೆ ಷೇರಿಗೆ 290ರಂತೆ 5.8 ಲಕ್ಷ ಲಾಭ. ಅಲಾಟ್ ಆದ ದಿನದಿಂದ 24 ತಿಂಗಳು ದಾಟಿದ್ದರೆ ಶೇ 12.5 ಮತ್ತು ಸೆಸ್, ಒಟ್ಟು 75,400 ರೂಪಾಯಿ. ಅಷ್ಟರೊಳಗೆ ಮಾರಿದರೆ ನಿಮ್ಮ ಸ್ಲ್ಯಾಬ್ ದರ. ಕಂಪನಿ ಲಿಸ್ಟ್ ಆದ ಮೇಲೆ ಮಾರುವುದಾದರೆ 24ರ ಬದಲು 12 ತಿಂಗಳು ಸಾಕು. ಗ್ರಾಂಟ್ ಆಗಿ ನಾಲ್ಕು ವರ್ಷವಾಯಿತು ಎಂದು ಅಲ್ಲಿಂದ ಎಣಿಸಬೇಡಿ.

ಇನ್ನು ನಿಮ್ಮ ಗೆಳತಿಯ ಸಲಹೆ. ಇದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಅವರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಕರ್ನಾಟಕ ಹೈಕೋರ್ಟಿನಲ್ಲಿ 2020ರಲ್ಲಿ ಅಂಥ ಒಂದು ಪ್ರಕರಣ ತೀರ್ಮಾನವಾಯಿತು. ಎಂಜಿನಿಯರ್ ಒಬ್ಬರು 1990ರ ದಶಕದಲ್ಲಿ ಅಮೆರಿಕದ ಕಂಪನಿಯೊಂದಕ್ಕೆ ಸ್ವತಂತ್ರ ಕನ್ಸಲ್ಟಂಟ್ ಆಗಿ ಕೆಲಸ ಮಾಡಿದ್ದರು. ಅವರಿಗೆ ಆ ಕಂಪನಿಯ ಸ್ಟಾಕ್ ಆಪ್ಷನ್ ಸಿಕ್ಕಿದ್ದವು. ಮುಂದೆ ಅದೇ ಕಂಪನಿಯ ಭಾರತದ ಘಟಕದಲ್ಲಿ ಉದ್ಯೋಗಿಯಾದರು. ವರ್ಷಗಳ ನಂತರ ಆಪ್ಷನ್‌ಗಳಿಂದ ದುಡ್ಡು ಬಂದಾಗ ಇಲಾಖೆ ಅದನ್ನು ಸಂಬಳ ಎಂದಿತು. ಹೈಕೋರ್ಟ್ ಒಪ್ಪಲಿಲ್ಲ. ಆಪ್ಷನ್ ಕೊಟ್ಟ ಅಮೆರಿಕದ ಕಂಪನಿಗೂ ಅವರಿಗೂ ಮಾಲೀಕ–ನೌಕರ ಸಂಬಂಧವೇ ಇರಲಿಲ್ಲ, ಆದ್ದರಿಂದ ಸಂಬಳ ಎನ್ನಲು ಬರುವುದಿಲ್ಲ, ಷೇರು ಕೊಳ್ಳುವ ಹಕ್ಕೇ ಒಂದು ಆಸ್ತಿ, ಅದರಿಂದ ಬಂದದ್ದು ದೀರ್ಘಾವಧಿಯ ಕ್ಯಾಪಿಟಲ್ ಗೇನ್ಸ್ ಎಂದಿತು.

ಇದನ್ನು ಓದಿ ‘ಹಾಗಾದರೆ ನಾನೂ ಕನ್ಸಲ್ಟಂಟ್’ ಎಂದು ಹೊರಟುಬಿಡಬೇಡಿ. ಆ ಎಂಜಿನಿಯರ್ ಗೆದ್ದದ್ದು ಒಪ್ಪಂದದ ಮೇಲಿದ್ದ ಹೆಸರಿನಿಂದ ಅಲ್ಲ. ಅವರು ನಿಜವಾಗಿಯೂ ಆ ಕಂಪನಿಯ ನೌಕರರಾಗಿರಲಿಲ್ಲ. ನೀವು ಈಗಿನ ಕೆಲಸವನ್ನೇ, ಈಗಿನ ಮ್ಯಾನೇಜರ್ ಕೈಕೆಳಗೆ, ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ, ರಜೆಗೆ ಒಪ್ಪಿಗೆ ಕೇಳಿಕೊಂಡು ಮಾಡುತ್ತಾ ಕಾಗದದಲ್ಲಿ ಮಾತ್ರ ಕನ್ಸಲ್ಟಂಟ್ ಎಂದು ಬದಲಾಯಿಸಿದರೆ, ನೀವು ನೌಕರಿಯಲ್ಲೇ ಇದ್ದೀರಿ ಎನ್ನಲು ಇಲಾಖೆಗೆ ಕಷ್ಟವಾಗುವುದಿಲ್ಲ. ಈಗಾಗಲೇ ನೌಕರರಾಗಿ ಪಡೆದ ಆಪ್ಷನ್‌ಗಳ ಜಾತಿಯೂ ಇದರಿಂದ ಬದಲಾಗುವುದಿಲ್ಲ.

ಜೊತೆಗೆ ಕಂಪನಿ ಕಾನೂನಿನ ಅಡ್ಡಿ ಇದೆ. 2014ರ ಷೇರು ಬಂಡವಾಳ ನಿಯಮಗಳ 12ನೇ ನಿಯಮದಂತೆ ಈಸಾಪ್ ಕೊಡಲು ಬರುವುದು ಕಂಪನಿಯ, ಅದರ ಹೋಲ್ಡಿಂಗ್ ಅಥವಾ ಸಬ್ಸಿಡಿಯರಿ ಕಂಪನಿಯ ಉದ್ಯೋಗಿಗಳಿಗೆ ಮತ್ತು ಸ್ವತಂತ್ರ ನಿರ್ದೇಶಕರಲ್ಲದ ನಿರ್ದೇಶಕರಿಗೆ. ಕನ್ಸಲ್ಟಂಟ್‌ಗೆ ಆ ಯೋಜನೆಯಡಿ ಕೊಡುವಂತಿಲ್ಲ. ಹಾಗಾಗಿ ನಿಮ್ಮ ಗೆಳತಿಯ ಒಪ್ಪಂದದಲ್ಲಿ ಈಸಾಪ್ ಎಂದೇ ಬರೆದಿದ್ದರೆ ಅದು ಊರ್ಜಿತವೇ ಎಂದು ಮೊದಲು ತೋರಿಸಿಕೊಳ್ಳಲಿ. ಕೆಲಸಕ್ಕೆ ಪ್ರತಿಯಾಗಿ ಬಂದ ಷೇರನ್ನು ಇಲಾಖೆ ವೃತ್ತಿಯ ಆದಾಯ ಎನ್ನುವ ಸಾಧ್ಯತೆಯೇ ಜಾಸ್ತಿ. ಸೆಕ್ಷನ್ 28ರ ನಾಲ್ಕನೇ ಉಪಕಲಂ ಅದಕ್ಕೇ ಇದೆ. 2022ರ ಜುಲೈ 1ರಿಂದ ಅಂಥ ಸೌಲಭ್ಯಗಳ ಮೇಲೆ 194-ಆರ್ ಅಡಿ ಶೇ 10 ಟಿಡಿಎಸ್ ಕೂಡ ಬಂದಿದೆ. ಗ್ರಾಚ್ಯುಟಿ, ಪಿಎಫ್ ಕಳೆದುಕೊಂಡು ಇಷ್ಟನ್ನು ಪಡೆಯುವುದು ಲಾಭದ ಮಾತಲ್ಲ.

ಒಪ್ಪಂದದ ಪದಗಳಿಂದ ತೆರಿಗೆ ಬದಲಾಗುವುದೇ ಇಲ್ಲವೇ ಎಂದರೆ, ಬದಲಾಗುತ್ತದೆ. ಏನೆಂದು ಕರೆದಿದ್ದಾರೆ ಎಂಬುದರಿಂದ ಅಲ್ಲ, ಏನು ಕೊಡುತ್ತಾರೆ ಎಂಬುದರಿಂದ. ಕೆಲವು ಒಪ್ಪಂದಗಳಲ್ಲಿ ‘ಫ್ಯಾಂಟಮ್ ಸ್ಟಾಕ್’ ಅಥವಾ ‘ಸಾರ್’ (ಸ್ಟಾಕ್ ಅಪ್ರಿಸಿಯೇಷನ್ ರೈಟ್ಸ್) ಎಂದಿರುತ್ತದೆ. ಅಲ್ಲಿ ಷೇರೇ ಬರುವುದಿಲ್ಲ, ಷೇರಿನ ಬೆಲೆ ಏರಿದಷ್ಟು ದುಡ್ಡು ಬರುತ್ತದೆ. ಪೂರ್ತಿ ಸಂಬಳ. ಕ್ಯಾಪಿಟಲ್ ಗೇನ್ಸ್ ಮಾತೇ ಇಲ್ಲ. ಆದರೆ ದುಡ್ಡು ಬಂದಾಗಲೇ ತೆರಿಗೆ, ಆ ಒಂದು ಸಮಾಧಾನ ಇದೆ. ಪತ್ರಿಕೆಗಳಲ್ಲಿ ಬರುವ ‘ಈಸಾಪ್ ಬೈಬ್ಯಾಕ್’ ಸುದ್ದಿಗಳಲ್ಲೂ ಎಷ್ಟೋ ಸಲ ನಡೆಯುವುದು ಇದೇ. ಎಕ್ಸರ್‌ಸೈಸ್ ಮಾಡದ ಆಪ್ಷನ್‌ಗಳನ್ನು ಕಂಪನಿ ರದ್ದು ಮಾಡಿ ದುಡ್ಡು ಕೊಡುತ್ತದೆ. ಆ ದುಡ್ಡೂ ಸಂಬಳವೇ.

ಗೆರೆ ಎಲ್ಲಿ ಮಸುಕಾಗುತ್ತದೆ ಎಂಬುದಕ್ಕೆ ಫ್ಲಿಪ್‌ಕಾರ್ಟ್ ಪ್ರಕರಣ ನೋಡಿ. ಫೋನ್‌ಪೇ ಬೇರೆಯಾದಾಗ ಫ್ಲಿಪ್‌ಕಾರ್ಟ್‌ನ ಷೇರಿನ ಮೌಲ್ಯ ಕುಗ್ಗಿತು. ಆಪ್ಷನ್ ಇದ್ದವರಿಗೆ ಪ್ರತಿ ಆಪ್ಷನ್‌ಗೆ 43.67 ಡಾಲರ್ ಪರಿಹಾರ ಕೊಟ್ಟರು. ಆಪ್ಷನ್‌ಗಳು ಹಾಗೇ ಉಳಿದವು, ಯಾರೂ ಎಕ್ಸರ್‌ಸೈಸ್ ಮಾಡಿರಲಿಲ್ಲ. ಕಂಪನಿ ಇದನ್ನು ಸಂಬಳವೆಂದೇ ಪರಿಗಣಿಸಿ ಟಿಡಿಎಸ್ ಹಿಡಿಯಿತು. ಎಕ್ಸರ್‌ಸೈಸೇ ಆಗದಿದ್ದಾಗ ಪರ್ಕ್ವಿಸಿಟ್ ಲೆಕ್ಕ ಹಾಕುವುದು ಹೇಗೆ, ಇದು ಸಂಬಳವಲ್ಲ ಎಂದು ದೆಹಲಿ ಹೈಕೋರ್ಟ್ 2024ರಲ್ಲಿ ಹೇಳಿತು. ಅದೇ ವರ್ಷ ಮದ್ರಾಸ್ ಹೈಕೋರ್ಟ್ ಇದು ಪರ್ಕ್ವಿಸಿಟ್ಟೇ ಎಂದಿತು. ಒಂದೇ ಕಂಪನಿ, ಒಂದೇ ಪಾವತಿ, ಎರಡು ಉತ್ತರ. ನನಗೆ ದೆಹಲಿಯ ತೀರ್ಪೇ ಸರಿ ಎನಿಸುತ್ತದೆ, ಏಕೆಂದರೆ ಕಾಯ್ದೆ ಹೇಳುವ ಲೆಕ್ಕಕ್ಕೆ ಎಕ್ಸರ್‌ಸೈಸ್ ದಿನದ ಬೆಲೆ ಬೇಕೇ ಬೇಕು. ಆದರೆ ಇದು ನಿಮ್ಮ ನೆರವಿಗೆ ಬರುವುದಿಲ್ಲ, ನೀವು ಎಕ್ಸರ್‌ಸೈಸ್ ಮಾಡಲು ಹೊರಟಿದ್ದೀರಿ.

ಇನ್ಫೋಸಿಸ್ ತೀರ್ಪನ್ನು ತೋರಿಸಿ ‘ಲಾಕ್-ಇನ್ ಇದ್ದರೆ ತೆರಿಗೆ ಇಲ್ಲ’ ಎನ್ನುವವರೂ ಸಿಗುತ್ತಾರೆ. 1990ರ ದಶಕದಲ್ಲಿ ಇನ್ಫೋಸಿಸ್ ಒಂದು ಟ್ರಸ್ಟ್ ಮೂಲಕ ಉದ್ಯೋಗಿಗಳಿಗೆ 1 ರೂಪಾಯಿಗೆ ವಾರಂಟ್ (ಷೇರು ಕೊಳ್ಳುವ ಹಕ್ಕುಪತ್ರ) ಕೊಟ್ಟು, ಮುಂದೆ ಬಾಕಿ 99 ಕಟ್ಟಿಸಿಕೊಂಡು ಷೇರು ಕೊಟ್ಟಿತ್ತು. ಐದು ವರ್ಷ ಮಾರುವಂತಿರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಅದು ಪರ್ಕ್ವಿಸಿಟ್ ಅಲ್ಲ ಎಂದಿತು. ಅದು ಆಗಿನ ಕಾನೂನಿನ ಮಾತು. ಬೆಲೆ ಕಟ್ಟುವ ಸ್ಪಷ್ಟ ನಿಯಮ ಆಗ ಕಾಯ್ದೆಯಲ್ಲಿ ಇರಲಿಲ್ಲ. 2009ರ ತಿದ್ದುಪಡಿ ಆ ಜಾಗವನ್ನು ತುಂಬಿದೆ. ಹಾಗೆಯೇ ಯೂಟ್ಯೂಬ್ ವಿಡಿಯೋಗಳಲ್ಲಿ ಕೇಳಿಬರುವ ‘83(ಬಿ) ಎಲೆಕ್ಷನ್’, ‘ಐಎಸ್‌ಒ’, ‘ಎನ್‌ಎಸ್‌ಒ’ ಎಲ್ಲ ಅಮೆರಿಕದ ಕಾನೂನು. ಇಲ್ಲಿ ಇದ್ದುಕೊಂಡು ಇಲ್ಲಿನ ಕಂಪನಿಯ ಆಪ್ಷನ್ ಪಡೆದವರಿಗೆ ಅವು ಉಪಯೋಗಕ್ಕೆ ಬರುವುದಿಲ್ಲ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ನೀವು ಮಾಡಬೇಕಾದ್ದು. ಕೆಲಸ ಬಿಡುವ ಯೋಚನೆ ಇಲ್ಲದಿದ್ದರೆ ಎಕ್ಸರ್‌ಸೈಸ್‌ಗೆ ಅವಸರ ಬೇಡ. ವೆಸ್ಟ್ ಆದ ಆಪ್ಷನ್ ಹಾಗೇ ಇದ್ದರೆ ತೆರಿಗೆ ಇಲ್ಲ. ಕಂಪನಿ ಮಾರಾಟವಾಗುವ, ಲಿಸ್ಟ್ ಆಗುವ ಅಥವಾ ಷೇರು ಕೊಳ್ಳುವವರು ಸಿಗುವ ಹೊತ್ತಿಗೆ ಎಕ್ಸರ್‌ಸೈಸ್ ಮಾಡಿದರೆ ತೆರಿಗೆ ಕಟ್ಟಲು ದುಡ್ಡೂ ಅಲ್ಲಿಂದಲೇ ಬರುತ್ತದೆ. ಆಗ ಮೌಲ್ಯ ಏರಿ ಸಂಬಳದ ತೆರಿಗೆ ಜಾಸ್ತಿಯಾಗಬಹುದು. ಆದರೂ ನಾಲ್ಕು ಲಕ್ಷವನ್ನು ಈಗಲೇ ಪಣಕ್ಕೆ ಇಡುವುದಕ್ಕಿಂತ ಅದು ವಾಸಿ. ಆದರೆ ಸ್ಕೀಮ್ ದಾಖಲೆಯಲ್ಲಿ ಎಕ್ಸರ್‌ಸೈಸ್ ಅವಧಿ ಎಷ್ಟಿದೆ, ಕೆಲಸ ಬಿಟ್ಟ ಮೇಲೆ ಎಷ್ಟು ದಿನ ಕೊಡುತ್ತಾರೆ ಎಂದು ಮೊದಲು ನೋಡಿ. ಬಹಳ ಕಡೆ ಅದು 90 ದಿನ ಅಥವಾ ಅದಕ್ಕೂ ಕಡಿಮೆ. ಗ್ರಾಂಟ್ ಲೆಟರ್ ಎರಡು ಪುಟ ಇರುತ್ತದೆ, ಸ್ಕೀಮ್ ಮೂವತ್ತು ಪುಟ ಇರಬಹುದು. ನಿಮ್ಮ ಹಕ್ಕು ಇರುವುದು ಆ ಮೂವತ್ತರಲ್ಲಿ. ಅದನ್ನು ಕೇಳಿ ಪಡೆಯಿರಿ. ಅವಧಿಯನ್ನು ವರ್ಷಗಳಿಗೆ ವಿಸ್ತರಿಸಿರುವ ಸ್ಟಾರ್ಟಪ್‌ಗಳೂ ಇವೆ, ನಿಮ್ಮವರನ್ನೂ ಕೇಳಿನೋಡಿ.

ಎಕ್ಸರ್‌ಸೈಸ್ ಮಾಡುವುದೇ ನಿರ್ಧಾರವಾದರೆ, ದುಡ್ಡು ಕಳಿಸುವ ಮುಂಚೆ ಎಚ್‌ಆರ್‌ಗೆ ಒಂದು ಇಮೇಲ್ ಬರೆದು ಕಂಪನಿಗೆ 80-ಐಎಸಿ ಪ್ರಮಾಣಪತ್ರ ಇದೆಯೇ, ಮರ್ಚಂಟ್ ಬ್ಯಾಂಕರ್ ವರದಿಯ ತಾರೀಖು ಯಾವುದು, ಅಲಾಟ್‌ಮೆಂಟ್ ಯಾವ ತಿಂಗಳು ಎಂದು ಕೇಳಿ. ಆ ಮೌಲ್ಯಮಾಪನದ ಬೆಲೆ ಇರುವ ಪತ್ರ, ಅಲಾಟ್‌ಮೆಂಟ್ ಪತ್ರ, ಆ ವರ್ಷದ ಫಾರ್ಮ್ 16 ಮತ್ತು ಅದರ ಜೊತೆ ಬರುವ ಸೌಲಭ್ಯಗಳ ಪಟ್ಟಿ, ಇಷ್ಟನ್ನೂ ಷೇರು ಮಾರುವವರೆಗೆ ಕಚೇರಿಯ ಇಮೇಲ್‌ನಲ್ಲಿ ಬಿಡದೆ ನಿಮ್ಮ ಸ್ವಂತ ಇಮೇಲ್‌ಗೆ ಕಳಿಸಿಕೊಂಡು ಇಟ್ಟುಕೊಳ್ಳಿ. ಐದು ವರ್ಷದ ನಂತರ ಆ ಕಂಪನಿಯಲ್ಲಿ ನೀವಿರುವುದಿಲ್ಲ, ಬಹುಶಃ ಈಗಿನ ಎಚ್‌ಆರ್ ಕೂಡ ಇರುವುದಿಲ್ಲ. ಕೊಂಡ ಬೆಲೆ 10 ಅಲ್ಲ, 610 ಎಂದು ಆಗ ತೋರಿಸಬೇಕಾದವರು ನೀವೇ.